ಹಳೇ ಕಂಪ್ಯೂಟರ್‌ಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸ್ತೀರಾ? ದುಡ್ಡು ಕೊಡೋ ಮುಂಚೆ ಇಷ್ಟು ನೋಡ್ಕೊಳ್ಳಿ

ಬೆಂಗಳೂರಿನ ಎಸ್‌.ಪಿ. ರೋಡ್ ಕಡೆಯಿಂದ ಬರುವ ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರ್‌ಗಳು ಈಗ ಮನೆ, ಫೋಟೋ ಸ್ಟುಡಿಯೋ, ಡಿಟಿಪಿ ಅಂಗಡಿ ಎಲ್ಲ ಕಡೆ ಸಿಗುತ್ತವೆ. ಇವುಗಳಲ್ಲಿ ಇಂಟೆಲ್ 4ನೇ ಜನರೇಷನ್ ಐ5 ಇರುವವು ಸಾಕಷ್ಟು. ಬಿಲ್ಲಿಂಗ್, ಟೈಪಿಂಗ್‌ಗೆ ಇವು ಧಾರಾಳವಾಗಿ ಸಾಕು. ಮನೆಯ ಹುಡುಗರು ಗೇಮ್ ಆಡೋಕೆ ಕೂತಾಗ, ಸ್ಟುಡಿಯೋದವರು ಮದುವೆ ವಿಡಿಯೋ ಎಡಿಟಿಂಗ್ ಶುರು ಮಾಡಿದಾಗ ತೊಂದರೆ ಗೊತ್ತಾಗೋದು.

ಆಗ ಎಲ್ಲರೂ ಹೇಳೋದು ಒಂದೇ ಮಾತು: ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕ್ಸಿಬಿಡಿ. ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿದ ಮೇಲೂ ಗೇಮ್ ತಡೆದು ತಡೆದು ಓಡಿದರೆ ಏನು ಮಾಡೋದು? ಹೀಗಾಗೋಕೆ ಕಾರಣ ಇದೆ.

ಇಬ್ಬರ ಕೆಲಸ ಬೇರೆ ಬೇರೆ

ಗೇಮ್‌ನಲ್ಲಿ ಯಾರು ಎಲ್ಲಿದ್ದಾರೆ, ಗುಂಡು ಎಲ್ಲಿಗೆ ಬಿತ್ತು ಅನ್ನೋ ಲೆಕ್ಕ ಪ್ರೊಸೆಸರ್‌ದು. ಆ ಲೆಕ್ಕದಂತೆ ಚಿತ್ರ ಬಿಡಿಸೋದು ಕಾರ್ಡ್‌ನ ಕೆಲಸ. ಹೋಟೆಲ್‌ನಲ್ಲಿ ಗಂಟೆಗೆ 50 ದೋಸೆಗೆ ಆಗುವಷ್ಟೇ ಹಿಟ್ಟು ರುಬ್ಬುತ್ತಿದ್ದರೆ, 100 ದೋಸೆ ಹುಯ್ಯುವ ಕಾವಲಿ ತಂದರೂ ಬರೋದು 50 ದೋಸೆಯೇ. ಪ್ರೊಸೆಸರ್ ಲೆಕ್ಕ ಕೊಡೋವರೆಗೆ ಕಾರ್ಡ್ ಸುಮ್ಮನೆ ಕಾಯುತ್ತೆ. ಇದಕ್ಕೇ ಬಾಟಲ್‌ನೆಕ್ ಅಂತಾರೆ.

ಉದಾಹರಣೆಗೆ ಐ5-4570 ಬಂದಿದ್ದು 2013ರಲ್ಲಿ. ಅದಕ್ಕೆ 4 ಕೋರ್, 4 ಥ್ರೆಡ್ ಮಾತ್ರ. ಹೊಸ ಗೇಮ್‌ಗಳಿಗೆ ಅಷ್ಟು ಸಾಲಲ್ಲ.

ನೀವೇ ಪರೀಕ್ಷೆ ಮಾಡಿ

ಈಗಾಗಲೇ ಒಂದು ಸಣ್ಣ ಕಾರ್ಡ್ ಇದ್ದರೆ ಗೇಮ್ ಓಡಿಸಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ವಿಭಾಗ ನೋಡಿ. ಸಿಪಿಯು 100ರ ಹತ್ತಿರ ಇದ್ದು ಜಿಪಿಯು 50–60ರಲ್ಲೇ ಇದ್ದರೆ ಹೊಸ ಕಾರ್ಡ್‌ನಿಂದ ಲಾಭ ಕಡಿಮೆ. ಜಿಪಿಯು 100ರ ಹತ್ತಿರ ಇದ್ದು ಸಿಪಿಯುಗೆ ಬಿಡುವಿದ್ದರೆ ಕಾರ್ಡ್ ಬದಲಿಸಬಹುದು.

ಇನ್ನೊಂದು ದಾರಿ: ಗೇಮ್ ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿ. ಎಫ್‌ಪಿಎಸ್ ಏರಿದರೆ ಅಡ್ಡಿ ಕಾರ್ಡ್‌ದು. ಹಾಗೇ ಇದ್ದರೆ ಪ್ರೊಸೆಸರ್‌ದು.

ಯಾವ ಕಾರ್ಡ್ ಹೊಂದುತ್ತೆ?

ಜಿಟಿಎಕ್ಸ್ 1650: 2019ರ ಕಾರ್ಡ್, 4 ಜಿಬಿ, 75 ವ್ಯಾಟ್. ಹಲವು ಮಾಡೆಲ್‌ಗಳಿಗೆ ಬೇರೆ ಪವರ್ ಕೇಬಲ್ ಬೇಡ. 4ನೇ ಜನರೇಷನ್ ಐ5ಗೆ ಒಳ್ಳೆ ಜೋಡಿ.

ಆರ್‌ಎಕ್ಸ್ 6600: 8 ಜಿಬಿ, 132 ವ್ಯಾಟ್. ಐ7-4770 ಇದ್ದರೆ ಯೋಚಿಸಬಹುದು. ಐ5 ಆದರೆ ಹಲವು ಗೇಮ್‌ಗಳಲ್ಲಿ ಅರ್ಧ ಶಕ್ತಿ ವ್ಯರ್ಥ. ಎಸ್‌ಎಂಪಿಎಸ್ ಕೂಡ ಗಟ್ಟಿ ಇರಬೇಕು.

ಆರ್‌ಎಕ್ಸ್ 6500 ಎಕ್ಸ್‌ಟಿ: ಹುಷಾರು. ಇದು ಪಿಸಿಐ ಸ್ಲಾಟ್‌ನ 4 ಲೇನ್ ಮಾತ್ರ ಬಳಸುತ್ತೆ, ಹಳೇ ಬೋರ್ಡ್‌ನಲ್ಲಿ ವೇಗ ಬೀಳುತ್ತೆ. ವಿಡಿಯೋ ಎನ್‌ಕೋಡರ್ ಕೂಡ ಇಲ್ಲ, ಹಾಗಾಗಿ ಸ್ಟುಡಿಯೋದವರಿಗೆ ಬೇಡವೇ ಬೇಡ.

ಇಂಟೆಲ್ ಆರ್ಕ್: ಇದಕ್ಕೆ ರೀಸೈಜಬಲ್ ಬಾರ್ ಅನ್ನೋ ಸೌಲಭ್ಯ ಬೇಕು. 4ನೇ ಜನರೇಷನ್ ಕಂಪ್ಯೂಟರ್‌ಗಳಿಗೆ ಸೂಕ್ತವಲ್ಲ.

ಮಾನಿಟರ್ 60 ಹರ್ಟ್ಸ್ ಆಗಿದ್ದರೆ 60ಕ್ಕಿಂತ ಹೆಚ್ಚು ಎಫ್‌ಪಿಎಸ್ ಬಂದರೂ ಪರದೆ ಅಷ್ಟನ್ನೂ ತೋರಿಸಲ್ಲ. ಅದಕ್ಕಾಗಿ ಹೆಚ್ಚು ದುಡ್ಡು ಸುರಿಯೋದು ಬೇಡ.

ಅಂಗಡಿಗೆ ಹೋಗಿ ಬಂದ ಮೇಲೆ ಗೊತ್ತಾಗೋ ತೊಂದರೆಗಳು

ಸ್ಲಾಟ್‌ನಿಂದ ಕಾರ್ಡ್‌ಗೆ ಸಿಗೋದು 75 ವ್ಯಾಟ್ ಮಾತ್ರ. ಹೆಚ್ಚು ಬೇಕಾದರೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ಕೇಬಲ್ ಬರಬೇಕು. ಕಂಪನಿ ಆಫೀಸ್ ಕಂಪ್ಯೂಟರ್‌ಗಳಲ್ಲಿ ಎಷ್ಟೋ ಸಲ 300 ವ್ಯಾಟ್‌ಗಿಂತ ಕಡಿಮೆ ಎಸ್‌ಎಂಪಿಎಸ್ ಇರುತ್ತೆ, ಕೇಬಲ್ ಇರಲ್ಲ. ಕೆಲವದರ ಪಿನ್ನೇ ಬೇರೆ, ಮಾಮೂಲಿ ಎಸ್‌ಎಂಪಿಎಸ್ ನೇರವಾಗಿ ಕೂರಲ್ಲ. ತೆಳು ಕ್ಯಾಬಿನೆಟ್ ಆದರೆ ಲೋ ಪ್ರೊಫೈಲ್ ಕಾರ್ಡ್ ಮಾತ್ರ ಹಿಡಿಯುತ್ತೆ.

ಮಾನಿಟರ್‌ಗೆ ನೀಲಿ ವಿಜಿಎ ಕೇಬಲ್ ಮಾತ್ರ ಇದೆಯಾ? ಮೇಲಿನ ಯಾವ ಕಾರ್ಡ್‌ಗಳಲ್ಲೂ ಸಾಮಾನ್ಯವಾಗಿ ವಿಜಿಎ ಪೋರ್ಟ್ ಇರಲ್ಲ. ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ತಗೋಬೇಕಾಗುತ್ತೆ.

ಕಡಿಮೆ ಖರ್ಚಿನ ದಾರಿ

ಒಂದೇ ರ‍್ಯಾಮ್ ಇದ್ದರೆ ಅದೇ ಅಳತೆಯ ಇನ್ನೊಂದು ಹಾಕಿ ಡ್ಯುಯಲ್ ಚಾನೆಲ್ ಮಾಡಿ. ಐ5-4570 ಇರುವ ಸಾಕೆಟ್‌ಗೇ ಐ7-4770 ಕೂರುತ್ತೆ, 8 ಥ್ರೆಡ್ ಸಿಗುತ್ತೆ, ಎರಡೂ 84 ವ್ಯಾಟ್. ಬೋರ್ಡ್‌ನ ಬಯಾಸ್ ಒಪ್ಪುತ್ತಾ ಅಂತ ಮೊದಲು ಕೇಳಿ. ಸೆಕೆಂಡ್ ಹ್ಯಾಂಡ್ ಐ7 ಹಾಕಿಸಿ, ಆಮೇಲೆ ಸಾಧಾರಣ ಕಾರ್ಡ್ ತಗೊಂಡರೆ ದುಬಾರಿ ಕಾರ್ಡ್ ಒಂದನ್ನೇ ಹಾಕಿಸೋದಕ್ಕಿಂತ ಅನುಕೂಲ.

ಎಷ್ಟು ದುಡ್ಡು ಹಾಕಬಹುದು?

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವ ಪಟ್ಟಿಯಲ್ಲಿ 4ನೇ ಜನರೇಷನ್ ಇಲ್ಲ. ಆದ್ದರಿಂದ ಹಳೇ ಬೋರ್ಡ್, ಡಿಡಿಆರ್3 ರ‍್ಯಾಮ್ ಮೇಲೆ ಕೈ ಬಿಗಿ ಹಿಡಿದೇ ಖರ್ಚು ಮಾಡಿ. ಮುಂದಿನ ವರ್ಷ ಹೊಸ ಕಂಪ್ಯೂಟರ್ ತಗೊಳ್ಳೋದು ಖಚಿತವಾಗಿದ್ದರೆ ಮಾತ್ರ ದೊಡ್ಡ ಕಾರ್ಡ್ ತಗೊಳ್ಳಿ. ಕಾರ್ಡ್ ಮತ್ತು ಒಳ್ಳೆ ಎಸ್‌ಎಂಪಿಎಸ್ ಎರಡನ್ನೂ ಅದಕ್ಕೇ ಬದಲಾಯಿಸಿಕೊಳ್ಳಬಹುದು.

ಅಂಗಡಿಗೆ ಹೋಗುವಾಗ ಪ್ರೊಸೆಸರ್ ಹೆಸರು, ಎಸ್‌ಎಂಪಿಎಸ್ ಮೇಲಿನ ವ್ಯಾಟ್, ಕ್ಯಾಬಿನೆಟ್ ಅಳತೆ, ಮಾನಿಟರ್ ಪೋರ್ಟ್ ಇವಿಷ್ಟನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡು ಹೋಗಿ. ಸಾಧ್ಯವಾದರೆ ಸಿಸ್ಟಮ್ಮನ್ನೇ ಒಯ್ದು, ಅಲ್ಲೇ ಕಾರ್ಡ್ ಹಾಕಿಸಿ, ಗೇಮ್ ಓಡಿಸಿ ನೋಡಿ ದುಡ್ಡು ಕೊಡಿ.