ತ್ರಿಶೂಲದ ಮೊನೆ ಯಾರ ಕಡೆಗೆ?

ಶಿವನ ಕೈಯ ತ್ರಿಶೂಲದ ಮೂರು ಮೊನೆಗಳನ್ನು ಸತ್ವ, ರಜ, ತಮೋಗುಣಗಳೆಂದೂ, ಭೂತ, ವರ್ತಮಾನ, ಭವಿಷ್ಯತ್ ಕಾಲಗಳೆಂದೂ, ಇಚ್ಛಾ, ಜ್ಞಾನ, ಕ್ರಿಯಾಶಕ್ತಿಗಳೆಂದೂ ವಿವರಿಸುವುದು ರೂಢಿ. ಮೂರರ ಈ ಪಟ್ಟಿಯನ್ನು ಎಷ್ಟು ಬೇಕಾದರೂ ಬೆಳೆಸಬಹುದು. ಇಷ್ಟಲಿಂಗಧಾರಿಗಳಾದ ಸದ್ಭಕ್ತರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ. ಜೀವಹಿಂಸೆಯನ್ನು ಒಪ್ಪದ ಶರಣಧರ್ಮದಲ್ಲಿ ಇರಿಯುವ ಆಯುಧಕ್ಕೆ ಅರ್ಥವೇನು?

ಪುರಾಣದ ಅಂಧಕಾಸುರನ ಕಥೆಯಲ್ಲಿ ಇದಕ್ಕೊಂದು ಸುಳಿವಿದೆ. ಅಂಧಕನೆಂದರೆ ಕುರುಡ. ಕಾಣದಿರುವುದೇ ಅವನ ಸ್ವರೂಪ. ಅವನ ಮೈಯಿಂದ ನೆಲಕ್ಕೆ ಬಿದ್ದ ಒಂದೊಂದು ಹನಿ ನೆತ್ತರಿನಿಂದಲೂ ಮತ್ತೊಬ್ಬ ಅಂಧಕ ಹುಟ್ಟುತ್ತಿದ್ದನು. ಅಜ್ಞಾನವು ಬೆಳೆಯುವ ಬಗೆಯೂ ಹೀಗೆಯೇ ಅಲ್ಲವೇ? ಶಿವನು ಅವನನ್ನು ಶೂಲದ ಮೇಲೆತ್ತಿ ಹಿಡಿದನು. ಶೂಲದ ಮೇಲೆಯೇ ಅವನ ರಕ್ತವೂ ಪಾಪವೂ ಒಣಗಿದವು. ಅವನು ಶಿವನನ್ನು ಸ್ತುತಿಸಿದನು. ಕೊನೆಗೆ ಗಣಪದವಿಯನ್ನು ಪಡೆದನು. ಶೂಲವು ಕಳೆದದ್ದು ಕುರುಡುತನವನ್ನು, ಅಂಧಕನನ್ನಲ್ಲ.

ಕನ್ನಡ ನಾಡಿನಲ್ಲಿ ತ್ರಿಶೂಲವು ಯುದ್ಧಾಯುಧವಾಗಿರದೆ ಶಿವಭಕ್ತಿಯ ಮುದ್ರೆಯಾಗಿಯೂ ನಿಂತಿದೆ. ಪಟ್ಟದಕಲ್ಲಿನಲ್ಲಿ ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನ ಕಾಲದ, ಸುಮಾರು ಕ್ರಿ.ಶ. 754ರ, ಕಂಬಶಾಸನವಿದೆ. ಗಂಗೆಯ ಉತ್ತರ ದಡದ ಸೀಮೆಯಿಂದ ಬಂದಿದ್ದ ಜ್ಞಾನಶಿವಾಚಾರ್ಯರು ತ್ರಿಶೂಲದ ಗುರುತುಳ್ಳ ಆ ಶಿಲಾಸ್ತಂಭವನ್ನು ನಿಲ್ಲಿಸಿದ ಸಂಗತಿ ಅದರಲ್ಲಿದೆ. ಒಂದೇ ಒಕ್ಕಣೆಯನ್ನು ಅಂದಿನ ಕನ್ನಡ ಲಿಪಿಯಲ್ಲಿಯೂ ಉತ್ತರದ ಲಿಪಿಯಲ್ಲಿಯೂ ಕೊರೆಯಲಾಗಿದೆ. ಎರಡು ಸೀಮೆಗಳ ಜನರೂ ಓದಲೆಂದೇ ಇರಬೇಕು.

ದಾಸನಕೊಪ್ಪದ ಸುತ್ತಿನವರಿಗೆ ಇನ್ನೂ ಹತ್ತಿರದ ನಿದರ್ಶನವೆಂದರೆ ಶಿರಸಿಯ ಮಾರಿಕಾಂಬೆ. ಅಸುರನನ್ನು ಮರ್ದಿಸುವ ದುರ್ಗೆಯೆಂದೇ ಆ ಅಷ್ಟಭುಜೆಗೆ ಪೂಜೆ ಸಲ್ಲುತ್ತದೆ. ಶಿವನು ತನ್ನ ಶೂಲದಿಂದಲೇ ಇನ್ನೊಂದು ಶೂಲವನ್ನು ಹೊರತೆಗೆದು ದುರ್ಗೆಗೆ ಕೊಟ್ಟನೆಂದು ದೇವೀಮಾಹಾತ್ಮ್ಯ ಹೇಳುತ್ತದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಲ್ಲಿ ಒಂದು ಕಾಲಕ್ಕೆ ಕೋಣಬಲಿ ಇತ್ತು. ಗಾಂಧೀಜಿಯವರ ಪ್ರಭಾವದಿಂದ 1930ರ ದಶಕದಲ್ಲಿ ಅದು ನಿಂತಿತು. ದೇವಿಯ ಮಹಿಮೆಗೆ ಅದರಿಂದ ಕುಂದು ಬರಲಿಲ್ಲ. ಜಾತ್ರೆ ಇಂದಿಗೂ ನಾಡಿನ ದೊಡ್ಡ ಜಾತ್ರೆಗಳಲ್ಲೊಂದು. ಮಹಿಷನನ್ನು ಕೊಟ್ಟಿಗೆಯ ಕೋಣದಲ್ಲಿ ಹುಡುಕಿದ್ದೇ ತಪ್ಪಾಗಿತ್ತು.

ಹಾಗಾದರೆ ಅವನನ್ನು ಎಲ್ಲಿ ಹುಡುಕಬೇಕು? ವೀರಶೈವ ಲಿಂಗಾಯತ ಶಾಸ್ತ್ರವು ಜೀವನನ್ನು ಮುಸುಕಿರುವ ಮಲತ್ರಯವನ್ನು ಹೇಳುತ್ತದೆ. ತಾನು ಅಲ್ಪನೆಂಬ ಭ್ರಾಂತಿ ಆಣವಮಲ, ಭೇದಬುದ್ಧಿ ಮಾಯಾಮಲ, ಮಾಡಿದ್ದರ ಅಂಟು ಕಾರ್ಮಿಕಮಲ. ಇವುಗಳನ್ನು ಕಳೆಯಲು ಗುರುವು ಮೂರು ದೀಕ್ಷೆಗಳನ್ನು ಅನುಗ್ರಹಿಸುತ್ತಾನೆ. ಕಾರಣಶರೀರದ ಆಣವಮಲವು ವೇಧಾದೀಕ್ಷೆಯಿಂದ, ಸೂಕ್ಷ್ಮಶರೀರದ ಮಾಯಾಮಲವು ಮಂತ್ರದೀಕ್ಷೆಯಿಂದ, ಸ್ಥೂಲಶರೀರದ ಕಾರ್ಮಿಕಮಲವು ಕ್ರಿಯಾದೀಕ್ಷೆಯಿಂದ ಅಳಿದು, ಭಾವಲಿಂಗ, ಪ್ರಾಣಲಿಂಗ, ಇಷ್ಟಲಿಂಗಗಳ ಸಂಬಂಧವಾಗುತ್ತದೆ.

ಇಲ್ಲಿ 'ವೇಧಾ' ಎಂಬ ಪದವನ್ನು ಗಮನಿಸಬೇಕು. ವೇಧವೆಂದರೆ ಚುಚ್ಚುವುದು, ಭೇದಿಸುವುದು. ಶೂಲದ ಕೆಲಸವೂ ಅದೇ. ಆದರೆ ವೇಧಾದೀಕ್ಷೆಯಲ್ಲಿ ಗುರುವಿನ ಕೈಯಲ್ಲಿ ಲೋಹದ ಮೊನೆ ಇರುವುದಿಲ್ಲ. ಆ ಕೈ ಶಿಷ್ಯನ ಮಸ್ತಕದ ಮೇಲೆ ನೆಲೆಗೊಳ್ಳುತ್ತದೆ. ಮಂತ್ರವು ಕಿವಿಗೆ ಬರುತ್ತದೆ, ಲಿಂಗವು ಅಂಗೈಗೆ ಬರುತ್ತದೆ.