ಹುಲ್ಲಿನ ಪೆಂಡಿ ಕಟ್ಟುವುದಕ್ಕೆ ಹಳೆಯ ಟ್ರಾಕ್ಟರನ್ನು ಆರಿಸುವ ಕ್ರಮ

ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಹೋಬಳಿಯು ಬೆಟ್ಟಗುಡ್ಡಗಳ ಸೀಮೆ. ಇಲ್ಲಿನ ಹೊಲಗಳಲ್ಲಿ ಬಹುಭಾಗವು ಮಳೆಯನ್ನೇ ನಂಬಿರತಕ್ಕವು. ಅವುಗಳಲ್ಲಿ ರಾಗಿಯೇ ಮುಖ್ಯವಾದ ಬೆಳೆ. ರಾಗಿಯ ಕಾಳು ಜನಗಳಿಗೆ ಎಷ್ಟು ಅವಶ್ಯಕವೋ ಅದರ ಹುಲ್ಲು ದನಗಳಿಗೆ ಅಷ್ಟೇ ಅವಶ್ಯಕವಾದುದು. ಹಾಲಿನ ಆದಾಯವು ಹೆಚ್ಚಿದಂತೆಲ್ಲಾ ಹುಲ್ಲಿನ ಬೆಲೆಯೂ ಹೆಚ್ಚಿರುವುದು. ಆಳುಗಳು ದೊರೆಯುವುದು ಮಾತ್ರ ಕಷ್ಟವಾಗಿರುವುದು. ಈ ಕಾರಣದಿಂದ ಹುಲ್ಲನ್ನು ಯಂತ್ರದಿಂದ ಪೆಂಡಿ ಕಟ್ಟಿಸುವ ಪದ್ಧತಿಯು ಹಬ್ಬುತ್ತಲಿದೆ. ಕಟ್ಟಿದ ಪೆಂಡಿಯು ಸ್ವಲ್ಪ ಸ್ಥಳದಲ್ಲಿ ಅಡಗುವುದು, ಸಾಗಿಸಲು ಸುಲಭವಾಗುವುದು, ಎಣಿಸಿ ಮಾರುವುದಕ್ಕೂ ಅನುಕೂಲವಾಗುವುದು.

ಹೊಸ ಟ್ರಾಕ್ಟರಿನ ಬೆಲೆಯನ್ನು ತೆರಲಾರದವರು ಹಳೆಯದನ್ನು ಕೊಳ್ಳಲು ಯೋಚಿಸುವುದು ಸಹಜವೇ. ಆದರೆ ಉಳುವುದಕ್ಕೆ ತಕ್ಕ ಟ್ರಾಕ್ಟರೆಲ್ಲವೂ ಪೆಂಡಿ ಕಟ್ಟುವುದಕ್ಕೆ ತಕ್ಕುದಲ್ಲ. ವಿಚಾರಿಸದೆ ಕೊಂಡು, ಸಾಲದ ಕಂತನ್ನು ತೀರಿಸುವುದಕ್ಕಾಗಿ ಹೊಲವನ್ನೇ ಆಧಾರ ಮಾಡಬೇಕಾದ ಪ್ರಸಂಗವು ಯಾರಿಗೂ ಬರಬಾರದು. ಊರಿನ ಯಜಮಾನರ ಸಲಹೆಯನ್ನು ಕೇಳಿಯೇ ಇಂತಹ ವ್ಯಾಪಾರಗಳು ನಡೆಯುವುದರಿಂದ ಅವರು ಈ ಕೆಳಗಿನ ಸಂಗತಿಗಳನ್ನು ತಿಳಿದಿರುವುದು ಉತ್ತಮ.

ಹುಲ್ಲು ಎಲ್ಲಿರುವುದು? – ಮೊದಲು ಕೇಳಬೇಕಾದ ಪ್ರಶ್ನೆ ಇದು. ಪೆಂಡಿ ಯಂತ್ರವು ನೆಲದ ಮೇಲೆ ಸಾಲಾಗಿ ಬಿದ್ದಿರುವ ಹುಲ್ಲನ್ನು ಎತ್ತಿಕೊಳ್ಳತಕ್ಕದ್ದು. ಕಣದಲ್ಲಿನ ರಾಶಿಯನ್ನು ತಾನಾಗಿ ಎತ್ತಲಾರದು. ಕೊಯ್ಲು ಯಂತ್ರವು ಹೊಲದಲ್ಲಿಯೇ ಹುಲ್ಲನ್ನು ಸಾಲಾಗಿ ಬಿಟ್ಟುಹೋಗುವ ಕಡೆ ಇದರ ಪ್ರಯೋಜನವು ಪೂರ್ಣವಾಗಿರುವುದು. ಕುಡುಗೋಲಿನಿಂದ ಕೊಯ್ದು, ಮೆದೆ ಹಾಕಿ, ಕಣದಲ್ಲಿ ಒಕ್ಕುವ ರೈತನು ಹುಲ್ಲನ್ನು ಮತ್ತೆ ಸಾಲಾಗಿ ಹರಡಬೇಕು, ಇಲ್ಲವೆ ಕವೆಗೋಲಿನಿಂದ ಎಚ್ಚರಿಕೆಯಾಗಿ ಸಾಲಿಗೆ ಬಿಡಬೇಕು. ಬದುಗಳು ಹತ್ತಿರ ಹತ್ತಿರವಾಗಿರುವ ಸಣ್ಣ ತಾಕುಗಳಲ್ಲಿ ಟ್ರಾಕ್ಟರು ಮತ್ತು ಯಂತ್ರ ಎರಡೂ ಕೂಡಿ ತಿರುಗುವುದಕ್ಕೆ ಎಡೆಯಿರುವುದೇ ಎಂಬುದನ್ನು ಹೆಜ್ಜೆಯಿಂದ ಅಳೆದು ನೋಡತಕ್ಕದ್ದು.

ಶಕ್ತಿ – ಪೆಂಡಿ ಯಂತ್ರಗಳಲ್ಲಿ ಎರಡು ಬಗೆ. ಹುಲ್ಲನ್ನು ಸುರುಳಿಯಾಗಿ ಸುತ್ತುವ ದುಂಡು ಪೆಂಡಿಯ ಸಣ್ಣ ಯಂತ್ರಕ್ಕೆ ಸಾಮಾನ್ಯವಾಗಿ ೩೫ ಅಶ್ವಶಕ್ತಿಗೆ ಮೇಲ್ಪಟ್ಟ ಟ್ರಾಕ್ಟರು ಬೇಕು. ಹುಲ್ಲನ್ನು ಗುದ್ದಿ ಗುದ್ದಿ ಒತ್ತುವ ಚೌಕ ಪೆಂಡಿಯ ಯಂತ್ರಕ್ಕೆ ೪೫ರಿಂದ ೫೦ ಅಥವಾ ಅದಕ್ಕೂ ಹೆಚ್ಚು ಬೇಕಾಗುವುದು. ಆ ಗುದ್ದಿನ ಜಗ್ಗಾಟವನ್ನು ತಾಳುವಷ್ಟು ತೂಕವೂ ಟ್ರಾಕ್ಟರಿಗೆ ಇರಬೇಕು. ಎಂಜಿನಿನ ಶಕ್ತಿಯೆಲ್ಲವೂ ಹಿಂದಿನ ಯಂತ್ರಕ್ಕೆ ತಲುಪುವುದಿಲ್ಲ. ನೂರಕ್ಕೆ ಹತ್ತು ಹದಿನೈದು ಪಾಲು ದಾರಿಯಲ್ಲಿಯೇ ಸೋರುವುದು. ಸವೆದ ಎಂಜಿನಿನಲ್ಲಿ ಸೋರಿಕೆ ಇನ್ನೂ ಹೆಚ್ಚು. ಆದಕಾರಣ ಯಂತ್ರದ ಕೈಪಿಡಿಯಲ್ಲಿ ಹೇಳಿರುವ ಶಕ್ತಿಗಿಂತ ಸ್ವಲ್ಪ ಮೇಲಿನದನ್ನೇ ಆರಿಸತಕ್ಕದ್ದು.

ತಿರುಗುದಂಡ ಮತ್ತು ಕ್ಲಚ್ಚು – ಜನರು ಪಿ.ಟಿ.ಓ. ಎಂದು ಕರೆಯುವ ಹಿಂದಿನ ತಿರುಗುದಂಡವೇ ಈ ಕೆಲಸದ ಜೀವಾಳವು. ಅದು ನಿಮಿಷಕ್ಕೆ ೫೪೦ ಸುತ್ತು ತಿರುಗಬೇಕು. ಮಾರುವವನ ಮಾತಿನಿಂದ ತೃಪ್ತರಾಗದೆ ಸುತ್ತಳೆಯುವ ಉಪಕರಣವನ್ನು ಹಿಡಿದು ನೋಡುವುದು ಲೇಸು. ದಂಡದ ಆರು ಹಲ್ಲುಗಳು ಸವೆದು ಚೂಪಾಗಿದ್ದರೆ ಆ ಟ್ರಾಕ್ಟರು ಭಾರವಾದ ಕೆಲಸದಲ್ಲಿ ಬಹಳ ದುಡಿದಿರುವುದೆಂದು ತಿಳಿಯಬೇಕು.

ಇದಕ್ಕಿಂತಲೂ ಮುಖ್ಯವಾದುದು ಕ್ಲಚ್ಚಿನ ಬಗೆ. ದುಂಡು ಪೆಂಡಿಯು ತುಂಬಿದಾಗ ಟ್ರಾಕ್ಟರನ್ನು ನಿಲ್ಲಿಸಿ ಹುರಿಯನ್ನು ಸುತ್ತಬೇಕು. ಆ ವೇಳೆಯಲ್ಲಿ ಯಂತ್ರವು ತಿರುಗುತ್ತಲೇ ಇರಬೇಕು. ಒಂದೇ ಕ್ಲಚ್ಚುಳ್ಳ ಟ್ರಾಕ್ಟರಿನಲ್ಲಿ ಪೆಡಲನ್ನು ಒತ್ತಿದೊಡನೆ ಗಾಡಿಯೂ ನಿಲ್ಲುವುದು, ತಿರುಗುದಂಡವೂ ನಿಲ್ಲುವುದು. ಚೌಕ ಪೆಂಡಿಯ ಯಂತ್ರವಾದರೆ ಅದರ ಭಾರವಾದ ಚಕ್ರವು ತನ್ನ ವೇಗದಿಂದ ಟ್ರಾಕ್ಟರನ್ನೇ ಮುಂದಕ್ಕೆ ತಳ್ಳುವ ಅಪಾಯವೂ ಉಂಟು. ಆದಕಾರಣ ಜೋಡಿ ಕ್ಲಚ್ಚು ಅಥವಾ ಸ್ವತಂತ್ರವಾದ ತಿರುಗುದಂಡವುಳ್ಳದ್ದನ್ನೇ ಕೊಳ್ಳತಕ್ಕದ್ದು. ಗಂಟೆಗೆ ಎರಡು ಮೂರು ಕಿಲೋಮೀಟರಿನಷ್ಟು ನಿಧಾನವಾಗಿ ಸಾಗುವ ಗೇರೂ, ಪೆಂಡಿಯ ಬಾಗಿಲನ್ನು ತೆರೆಯಲು ಬೇಕಾಗುವ ಹೈಡ್ರಾಲಿಕ್ ಎಣ್ಣೆಯ ಹೊರದಾರಿಯೂ ಇರುವುವೇ ಎಂದು ನೋಡಬೇಕು.

ಪರೀಕ್ಷಿಸುವ ಕ್ರಮ – ಬೆಳಗ್ಗೆ ಎಂಜಿನು ತಣ್ಣಗಿರುವಾಗಲೇ ಹೋಗತಕ್ಕದ್ದು. ಮೊದಲೇ ಬಿಸಿಮಾಡಿ ಇಟ್ಟ ಎಂಜಿನು ತನ್ನ ರೋಗವನ್ನು ಮರೆಸುವುದು. ನೀಲಿ ಹೊಗೆಯು ನಿಲ್ಲದೆ ಬಂದರೆ ಎಣ್ಣೆಯು ಉರಿಯುತ್ತಿರುವುದೆಂದು ತಿಳಿಯಬೇಕು. ಕಪ್ಪು ಹೊಗೆಯು ಗಾಳಿಯ ಶೋಧಕ ಇಲ್ಲವೆ ಡೀಸೆಲ್ ಸಿಂಪಡಿಸುವ ನಳಿಕೆಗಳ ದೋಷವನ್ನು ಸೂಚಿಸುವುದು. ಎಂಜಿನಿನ ಎಣ್ಣೆಯು ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿರುವುದು. ಅಂತಹದನ್ನು ಬಿಟ್ಟುಬಿಡುವುದೇ ಸರಿ. ಗಂಟೆಗಳನ್ನು ತೋರಿಸುವ ಮೀಟರನ್ನು ಬದಲಾಯಿಸಿರಬಹುದು. ಪೆಡಲುಗಳ ಸವೆತವನ್ನು ಬದಲಾಯಿಸುವುದನ್ನು ಮರೆತಿರುವರು. ಭಾರವನ್ನು ಎತ್ತಿಸಿ ಎಂಜಿನನ್ನು ನಿಲ್ಲಿಸಿದಾಗ ಅದು ಬೇಗನೆ ಕುಸಿದರೆ ಹೈಡ್ರಾಲಿಕ್ಕಿನಲ್ಲಿ ಸೋರಿಕೆಯಿದೆ. ಕೊನೆಗೆ, ಒಂದು ಗಂಟೆಯಾದರೂ ಪೆಂಡಿ ಯಂತ್ರವನ್ನೇ ಜೋಡಿಸಿ ದುಡಿಸಿ ನೋಡತಕ್ಕದ್ದು. ಇಳಿಜಾರಿನ ದಾರಿಗಳುಳ್ಳ ಈ ಸೀಮೆಯಲ್ಲಿ ಬ್ರೇಕುಗಳನ್ನು ಪರೀಕ್ಷಿಸದೆ ಹಣವನ್ನು ಎಣಿಸಕೂಡದು.

ಬಿಡಿ ಭಾಗಗಳು ಸಮೀಪದಲ್ಲಿ ದೊರೆಯುವುವೇ ಎಂಬುದನ್ನೂ ವಿಚಾರಿಸಬೇಕು. ೧೯೫೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಸಂಸ್ಥೆಯ ಟ್ರಾಕ್ಟರುಗಳು ಹರಿಯಾಣದ ಪಿಂಜೋರಿನಲ್ಲಿ ತಯಾರಾಗುತ್ತಿದ್ದುವು. ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರವು ೨೦೧೬ರಲ್ಲಿ ಒಪ್ಪಿಗೆಯಿತ್ತಿತು. ತಯಾರಿಕೆ ನಿಂತುಹೋದ ಟ್ರಾಕ್ಟರು ಎಷ್ಟೇ ಗಟ್ಟಿಯಾಗಿದ್ದರೂ ಅದರ ಭಾಗಗಳನ್ನು ಕೊಡುವ ಅಂಗಡಿಯನ್ನು ಗೊತ್ತುಮಾಡಿಕೊಂಡ ಮೇಲೆಯೇ ಕೊಳ್ಳುವುದು ಜಾಣತನವು.

ಕಾಗದಪತ್ರಗಳು – ನೋಂದಣಿ ಪತ್ರದಲ್ಲಿನ ಚಾಸಿ ಮತ್ತು ಎಂಜಿನಿನ ಸಂಖ್ಯೆಗಳನ್ನು ಟ್ರಾಕ್ಟರಿನ ಮೇಲೆ ಕೊರೆದಿರುವ ಸಂಖ್ಯೆಗಳೊಡನೆ ಹೋಲಿಸಬೇಕು. ಬ್ಯಾಂಕಿನ ಸಾಲವು ನಮೂದಾಗಿದ್ದರೆ, ಅದು ತೀರಿದುದಕ್ಕೆ ನಮೂನೆ ೩೫ನ್ನು ಬ್ಯಾಂಕಿನಿಂದ ಪಡೆಯದೆ ಮುಂದುವರಿಯಕೂಡದು. ಮಾಲೀಕತ್ವದ ಬದಲಾವಣೆಗೆ ನಮೂನೆ ೨೯ ಮತ್ತು ೩೦ ಬೇಕು. ಮಾರಿದವನು ರಾಜ್ಯದೊಳಗಿನ ಮಾರಾಟವನ್ನು ೧೪ ದಿನಗಳೊಳಗೆ ಸಾರಿಗೆ ಕಛೇರಿಗೆ ತಿಳಿಸತಕ್ಕದ್ದೆಂದು ೧೯೮೮ರ ಮೋಟಾರು ವಾಹನಗಳ ಕಾಯಿದೆಯು ವಿಧಿಸಿರುವುದು. ಬರಿಯ ನಂಬಿಕೆಯ ಮೇಲೆ ಕೀಲಿಕೈಯನ್ನು ಪಡೆದವನು, ಮುಂದೆ ಅಪಘಾತವೋ ಜಪ್ತಿಯೋ ಸಂಭವಿಸಿದಾಗ ಪಶ್ಚಾತ್ತಾಪ ಪಡಬೇಕಾಗುವುದು.

ಲೆಕ್ಕಾಚಾರ – ಉದಾಹರಣೆಗೆ, ಎಕರೆಗೆ ಒಂದು ಟನ್ನು ಹುಲ್ಲು ದೊರೆಯುವುದೆಂದೂ, ಪೆಂಡಿಯ ತೂಕ ೨೦ ಕಿಲೋ ಎಂದೂ ಇಟ್ಟುಕೊಳ್ಳೋಣ. ಎಕರೆಗೆ ೫೦ ಪೆಂಡಿಗಳು; ೬೦ ಎಕರೆಗೆ ೩,೦೦೦. ಡೀಸೆಲ್, ಹುರಿ, ಕೂಲಿಗಳನ್ನು ಕಳೆದು ಪೆಂಡಿಗೆ ೧೦ ರೂಪಾಯಿ ಉಳಿದರೆ ವರ್ಷಕ್ಕೆ ೩೦,೦೦೦ ರೂಪಾಯಿ. ಸಾಲದ ಬಡ್ಡಿಯೂ ರಿಪೇರಿಯೂ ಇದಕ್ಕೆ ಮೀರಿದರೆ, ಉಳುಮೆ ಮೊದಲಾದ ಬೇರೆ ಕೆಲಸಗಳಿಂದ ಆ ಟ್ರಾಕ್ಟರು ಎಷ್ಟು ಗಳಿಸಬಲ್ಲುದೆಂದು ನೋಡಬೇಕು. ಅದೂ ಸಾಲದಿದ್ದರೆ ಬಾಡಿಗೆಯೇ ಲೇಸು. ರಾಜ್ಯ ಸರ್ಕಾರವು ೨೦೧೪–೧೫ನೆಯ ಸಾಲಿನಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಯೋಜನೆಯ ಉದ್ದೇಶವೇ ಯಂತ್ರಗಳನ್ನು ಬಾಡಿಗೆಗೆ ಒದಗಿಸುವುದಾಗಿರುವುದು. ಮೊದಲ ಸುಗ್ಗಿಯಲ್ಲಿ ಬಾಡಿಗೆಗೆ ಪಡೆದು, ತನ್ನ ಹೊಲಕ್ಕೆ ಯಾವ ಬಗೆಯ ಯಂತ್ರ ಒಪ್ಪುವುದೆಂದು ತಿಳಿದುಕೊಂಡವನು ಮೋಸಹೋಗುವ ಸಂಭವವು ಕಡಿಮೆ.

ಎಚ್ಚರಿಕೆಗಳು – ಇಬ್ಬನಿಯು ಆರುವ ಮೊದಲು ಪೆಂಡಿ ಕಟ್ಟಕೂಡದು. ತೇವವು ನೂರಕ್ಕೆ ಇಪ್ಪತ್ತನ್ನು ಮೀರಿದ ಹುಲ್ಲು ಪೆಂಡಿಯೊಳಗೆ ಬಿಸಿಯೇರಿ ಬೂಷ್ಟು ಹಿಡಿಯುವುದು. ಅದನ್ನು ತಿಂದ ದನಗಳು ರೋಗಕ್ಕೆ ಗುರಿಯಾಗುವುವು. ಹೊಗೆ ಕೊಳವೆಯ ಸುತ್ತ ಹುಲ್ಲು ಸಿಕ್ಕಿಕೊಳ್ಳದಂತೆ ನೋಡಿಕೊಂಡು, ನೀರನ್ನು ಹತ್ತಿರದಲ್ಲಿ ಇಟ್ಟಿರಬೇಕು. ಒಂದು ಕಿಡಿಯು ವರ್ಷದ ಮೇವನ್ನೆಲ್ಲಾ ಸುಟ್ಟೀತು. ತಿರುಗುದಂಡಕ್ಕೆ ಮುಚ್ಚಳವಿಲ್ಲದ ಟ್ರಾಕ್ಟರನ್ನು ಕೆಲಸಕ್ಕೆ ಹೂಡಲೇಕೂಡದು. ಪಂಚೆಯ ತುದಿಯನ್ನಾಗಲಿ ಸೀರೆಯ ಸೆರಗನ್ನಾಗಲಿ ಅದು ಹಿಡಿದರೆ ಬಿಡಿಸುವುದಕ್ಕೆ ಕಾಲಾವಕಾಶವಿರುವುದಿಲ್ಲ. ಹುಲ್ಲು ಸಿಕ್ಕಿಕೊಂಡಾಗ ಎಂಜಿನನ್ನು ನಿಲ್ಲಿಸಿಯೇ ಕೈಯಿಡಬೇಕೆಂಬುದನ್ನು ಯಜಮಾನರು ತಮ್ಮ ಆಳುಗಳಿಗೆ ಮತ್ತೆ ಮತ್ತೆ ಹೇಳತಕ್ಕದ್ದು.

ಎತ್ತನ್ನು ಕೊಳ್ಳುವಾಗ ನಮ್ಮ ರೈತರು ಹಲ್ಲನ್ನೂ ಸುಳಿಯನ್ನೂ ನೋಡಿ, ಗಾಡಿಗೆ ಹೂಡಿ ನಡೆಸಿ, ನಾಲ್ವರನ್ನು ಕೇಳಿ, ಆಮೇಲೆ ಬೆಲೆಯನ್ನು ಕಟ್ಟುವರು. ಹಳೆಯ ಟ್ರಾಕ್ಟರಿನ ವಿಷಯದಲ್ಲಿಯೂ ಅದೇ ತಾಳ್ಮೆಯನ್ನು ತೋರಿಸಿದರೆ ಹುಲ್ಲೂ ಉಳಿಯುವುದು, ಹೊಲವೂ ಉಳಿಯುವುದು.