ಕಂಪ್ಯೂಟರಿನ ತೆರೆ ಮಿಟುಕುವುದೇಕೆ?

ಕಂಪ್ಯೂಟರಿನ ಗುಂಡಿಯನ್ನು ಒತ್ತಿದ ಕ್ಷಣದಿಂದ ಅದು ನಮ್ಮ ಕೆಲಸಕ್ಕೆ ಸಿದ್ಧವಾಗಿ ನಿಲ್ಲುವವರೆಗೆ ತೆರೆಯ ಮೇಲೆ ಏನೇನು ನಡೆಯುತ್ತದೆ ಎಂಬುದನ್ನು ಒಮ್ಮೆ ಗಮನವಿಟ್ಟು ನೋಡಿ. ಮೊದಲು ತಯಾರಕರ ಲಾಂಛನ ಕಾಣಿಸುತ್ತದೆ. ಅದು ಮಾಯವಾಗಿ ಕ್ಷಣಕಾಲ ಕತ್ತಲು. ಬಳಿಕ, ವ್ಯವಸ್ಥೆ ಹಳೆಯದಾಗಿದ್ದರೆ, ಬಿಳಿಯ ಅಕ್ಷರಗಳ ಸಾಲುಗಳು ಸರಸರನೆ ಮೇಲಕ್ಕೆ ಓಡುತ್ತವೆ. ಮತ್ತೆ ಕತ್ತಲು. ಆಮೇಲೆ ಬೇರೊಂದು ಚಿತ್ರ. ಅದೂ ಅಳಿದು, ಇನ್ನೊಮ್ಮೆ ಕತ್ತಲಾಗಿ, ಕೊನೆಗೆ ನಮ್ಮ ಹೆಸರನ್ನೂ ಗುಪ್ತಪದವನ್ನೂ ಕೇಳುವ ಪುಟ ಮೂಡುತ್ತದೆ. ಇಷ್ಟರೊಳಗೆ ತೆರೆ ಮೂರು ನಾಲ್ಕು ಸಾರಿ ಕಣ್ಣು ಮಿಟುಕಿಸಿರುತ್ತದೆ. ಸೆಕೆಂಡಿಗೆ ನೂರಾರು ಕೋಟಿ ಕ್ರಿಯೆಗಳನ್ನು ನಡೆಸಬಲ್ಲ ಯಂತ್ರಕ್ಕೆ ಒಂದು ಚಿತ್ರವನ್ನು ಅಳಿಯದಂತೆ ಹಿಡಿದು ನಿಲ್ಲಿಸುವುದು ಅಷ್ಟು ಕಷ್ಟವೇ? ಕಷ್ಟವೇ ಹೌದು. ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ಕಟ್ಟುವವರಿಗೆ ಈ ಮಿಟುಕನ್ನು ಅಡಗಿಸುವುದಕ್ಕೆ ಹತ್ತು ವರ್ಷಗಳಿಗೂ ಮೀರಿದ ಕಾಲ ಹಿಡಿಯಿತು.

ನಮ್ಮ ಹಿರಿಯರು ಟೂರಿಂಗ್ ಟಾಕೀಸುಗಳ ಕಾಲವನ್ನು ಬಲ್ಲರು. ಅಲ್ಲಿ ಸಾಮಾನ್ಯವಾಗಿ ಒಂದೇ ಪ್ರೊಜೆಕ್ಟರು. ಒಂದು ರೀಲು ಮುಗಿದೊಡನೆ ತೆರೆ ಕಪ್ಪಾಗುತ್ತಿತ್ತು. ಮುಂದಿನ ರೀಲನ್ನು ಏರಿಸುವವರೆಗೆ ಗುಡಾರದಲ್ಲಿ ಶಿಳ್ಳೆ, ಕೇಕೆ. ಪಟ್ಟಣದ ದೊಡ್ಡ ಚಿತ್ರಮಂದಿರಗಳಲ್ಲಿ ಎರಡು ಪ್ರೊಜೆಕ್ಟರುಗಳಿರುತ್ತಿದ್ದುವು. ಮೊದಲನೆಯದರ ರೀಲು ತೀರುವ ಹೊತ್ತಿಗೆ ಎರಡನೆಯದು ಸಜ್ಜಾಗಿ ಓಡುತ್ತಿರುತ್ತಿತ್ತು. ಚಿತ್ರದ ಮೂಲೆಯಲ್ಲಿ ಮಿಂಚಿ ಮರೆಯಾಗುವ ಚುಕ್ಕೆಯ ಗುರುತನ್ನು ಕಂಡೊಡನೆ ಆಪರೇಟರು ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವನು; ಪ್ರೇಕ್ಷಕರಿಗೆ ಅದರ ಸುಳಿವೂ ಹತ್ತದು. ಕಂಪ್ಯೂಟರು ಏಳುವಾಗಲೂ ತೆರೆಯ ಅಧಿಕಾರ ಕೈಯಿಂದ ಕೈಗೆ ದಾಟುತ್ತದೆ. ಮೊದಲ ಒಡೆಯ, ಯಂತ್ರದ ಚಿಪ್ಪಿನಲ್ಲಿಯೇ ಬರೆದಿಟ್ಟಿರುವ ಫರ್ಮ್‌ವೇರ್. ಅನಂತರ, ಕಾರ್ಯವ್ಯವಸ್ಥೆಯನ್ನು ಡಿಸ್ಕಿನಿಂದ ಎತ್ತಿ ತರುವ ಸಣ್ಣ ಕ್ರಮವಿಧಿ. ಅನಂತರ, ಕಾರ್ಯವ್ಯವಸ್ಥೆಯ ತಿರುಳಾದ ಕರ್ನೆಲ್. ಕಡೆಗೆ, ಕಿಟಕಿಗಳನ್ನೂ ಚಿತ್ರಗಳನ್ನೂ ಬರೆಯುವ ತಂತ್ರಾಂಶ. ಒಬ್ಬೊಬ್ಬನೂ ಹಿಂದಿನವನು ಮಾಡಿದ್ದನ್ನೆಲ್ಲ ಅಳಿಸಿ ಹೊಸದಾಗಿ ಮೊದಲುಮಾಡುವುದೇ ಬಹುಕಾಲದ ಪದ್ಧತಿಯಾಗಿದ್ದಿತು.

ಅಳಿಸಿದರೆ ಕತ್ತಲೇಕೆ ಆಗಬೇಕು ಎಂಬುದನ್ನು ತಿಳಿಯಲು ತೆರೆ ಬೆಳಗುವ ಬಗೆಯನ್ನು ಕೊಂಚ ನೋಡಬೇಕು. ಇಂದು ಬಳಕೆಯಲ್ಲಿರುವ ಸಾಧಾರಣ ತೆರೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ. ಒಂದೊಂದು ಚುಕ್ಕೆಯ ಬಣ್ಣವನ್ನು ಹೇಳಲು 4 ಬೈಟುಗಳಂತೆ ಲೆಕ್ಕ ಹಾಕಿದರೆ ಇಡೀ ಚಿತ್ರಕ್ಕೆ 82,94,400 ಬೈಟುಗಳು. ಸ್ಮೃತಿಯಲ್ಲಿ ಇಷ್ಟು ಜಾಗವನ್ನು ಚಿತ್ರಕ್ಕಾಗಿ ಮೀಸಲಿಡುತ್ತಾರೆ. ಇದಕ್ಕೆ ಫ್ರೇಮ್ ಬಫರ್ ಎಂದು ಹೆಸರು. ಚಿತ್ರದ ಯಂತ್ರಾಂಗವು ಇದನ್ನು ಮೇಲಿನ ಎಡಮೂಲೆಯಿಂದ ಸಾಲುಸಾಲಾಗಿ ಓದುತ್ತ ತೆರೆಗೆ ಕಳುಹಿಸುತ್ತದೆ. ಕೊನೆ ಮುಟ್ಟಿದೊಡನೆ ಮತ್ತೆ ಮೊದಲಿನಿಂದ. ಹೀಗೆ ಸೆಕೆಂಡಿಗೆ 60 ಸಾರಿ, ಎಂದರೆ ಸೆಕೆಂಡಿಗೆ ಸುಮಾರು 50 ಕೋಟಿ ಬೈಟುಗಳು. ಸಾಲು ಸಾಲಿನ ನಡುವೆ, ಚಿತ್ರ ಚಿತ್ರದ ನಡುವೆ ಸ್ವಲ್ಪ ಬಿಡುವೂ ಉಂಟು. ಹಳೆಯ ಗಾಜಿನ ಕೊಳವೆಯ ತೆರೆಗಳಲ್ಲಿ ಎಲೆಕ್ಟ್ರಾನ್ ಕಿರಣ ಹಿಂದಕ್ಕೆ ಮರಳಲು ಬೇಕಾಗುತ್ತಿದ್ದ ಬಿಡುವು ಅದು. ಇಂದಿನ ಚಪ್ಪಟೆ ತೆರೆಯಲ್ಲಿ ಹಿಂದಿರುಗಬೇಕಾದ ಕಿರಣವೇ ಇಲ್ಲ. ಆದರೂ ಬಿಡುವು ಉಳಿದುಬಂದಿದೆ. ಅದನ್ನೂ ಸೇರಿಸಿದರೆ ಅಡ್ಡಲಾಗಿ 2200, ಉದ್ದಕ್ಕೆ 1125 ಚುಕ್ಕೆಗಳ ಕಾಲ. ಇವೆರಡನ್ನೂ ಗುಣಿಸಿ 60ರಿಂದ ಮತ್ತೆ ಗುಣಿಸಿ. ಸೆಕೆಂಡಿಗೆ 14 ಕೋಟಿ 85 ಲಕ್ಷ. ಚುಕ್ಕೆಗಳ ಗಡಿಯಾರ ಸೆಕೆಂಡಿಗೆ ಇಷ್ಟು ಸಾರಿ ಮಿಡಿಯಬೇಕು.

ಇಲ್ಲಿ ಒಂದು ಅಂಶವನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಈ ಓದಿ ಕಳುಹಿಸುವ ಕೆಲಸ ಒಮ್ಮೆ ಆರಂಭವಾದರೆ ಕಂಪ್ಯೂಟರಿನ ಮುಖ್ಯ ಗಣಕಾಂಗಕ್ಕೆ ಅದರ ಗೊಡವೆಯೇ ಇಲ್ಲ. ಆರಂಭಿಸಿದ ಕ್ರಮವಿಧಿ ನಿಂತುಹೋದರೂ, ಅಳಿದೇ ಹೋದರೂ, ಫ್ರೇಮ್ ಬಫರಿನಲ್ಲಿದ್ದ ಚಿತ್ರ ತೆರೆಗೆ ಹರಿಯುತ್ತಲೇ ಇರುತ್ತದೆ. ಈ ಗುಣ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಮುಂದೆ ನೋಡೋಣ.

ಕತ್ತಲಾಗುವುದು ಗಡಿಯಾರದ ಲಯವನ್ನು ಬದಲಿಸಿದಾಗ. ಹೊಸ ಒಡೆಯ ಬಂದು ಅಳತೆಗಳನ್ನು ಹೊಸದಾಗಿ ಗೊತ್ತುಮಾಡಬೇಕಾದರೆ ಹರಿವನ್ನು ನಿಲ್ಲಿಸಬೇಕು, ಗಡಿಯಾರದ ಆವೃತ್ತಿಯನ್ನು ತಿದ್ದಬೇಕು, ಅದು ಸ್ಥಿರಗೊಳ್ಳುವವರೆಗೆ ಕಾಯಬೇಕು. ತೆರೆಯಾದರೋ ತನಗೆ ಬರುತ್ತಿದ್ದ ಸಂಜ್ಞೆ ಕಡಿದುಹೋಯಿತೆಂದು ಬೆಳಕನ್ನು ಆರಿಸಿ, ಹೊಸ ಲಯವನ್ನು ಅರಸುತ್ತ ಕುಳಿತುಕೊಳ್ಳುತ್ತದೆ. ತರಗತಿಯ ಪ್ರೊಜೆಕ್ಟರಿಗೆ ತಂತಿಯನ್ನು ಸಿಕ್ಕಿಸಿ, ಚಿತ್ರ ಮೂಡುವವರೆಗೆ ವಿದ್ಯಾರ್ಥಿಗಳ ಮುಖವನ್ನು ನೋಡುತ್ತ ನಿಲ್ಲುವ ನನ್ನಂಥ ಅಧ್ಯಾಪಕರಿಗೆ ಈ ಕಾಯುವಿಕೆ ಚೆನ್ನಾಗಿ ಗೊತ್ತು. ಮಡಿಲ ಕಂಪ್ಯೂಟರುಗಳಲ್ಲಿ ಇನ್ನೂ ಒಂದು ಕಟ್ಟು: ತೆರೆಯ ಹಿಂದಿನ ಬೆಳಕು, ಸಂಜ್ಞೆ, ವಿದ್ಯುತ್ತು ಇವನ್ನು ಗೊತ್ತಾದ ಕ್ರಮದಲ್ಲಿಯೇ ಆರಿಸಿ, ಗೊತ್ತಾದಷ್ಟು ಹೊತ್ತು ಬಿಟ್ಟು, ಕ್ರಮವಾಗಿಯೇ ಹೊತ್ತಿಸಬೇಕು. ಅವಸರಪಟ್ಟರೆ ತೆರೆಗೆ ಅಪಾಯ.

ಹಿಂದೆ ವ್ಯವಹಾರ ಸರಳವಾಗಿದ್ದಿತು. 1981ರಲ್ಲಿ ಬಂದ ಐಬಿಎಂ ಪಿಸಿಯ ತೆರೆಯಲ್ಲಿ ಸಾಲಿಗೆ 80ರಂತೆ 25 ಸಾಲು ಅಕ್ಷರಗಳು. ಒಂದಕ್ಷರಕ್ಕೆ ಎರಡು ಬೈಟು, ಒಟ್ಟು 4,000 ಬೈಟು. ಅಕ್ಷರದ ಆಕಾರವನ್ನು ಬಿಡಿಸುವುದು ಯಂತ್ರದ ಪಾಲು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನೆಲನ್ನು ಬರೆಯತೊಡಗಿದಾಗಲೂ ಹೀಗೆಯೇ ಇದ್ದಿತು. ಚಿತ್ರಗಳು ಬೇಕೆಂದವರಿಗೆ ಕರ್ನೆಲ್‌ನ ಹೊರಗೆ ಓಡುವ ಬೇರೊಂದು ತಂತ್ರಾಂಶ ಇದ್ದಿತು. ಅದು ಕರ್ನೆಲನ್ನು ಬದಿಗಿಟ್ಟು ನೇರವಾಗಿ ಚಿತ್ರದ ಯಂತ್ರಾಂಗದ ಮೇಲೆ ಕೈಹಾಕುತ್ತಿತ್ತು. ಮನೆಯ ಯಜಮಾನನಿಗೆ ತಿಳಿಯದಂತೆ ಬಾಡಿಗೆದಾರ ಗೋಡೆ ಒಡೆದು ಕಟ್ಟಿದ ಹಾಗೆ ಇದು. ಇದರ ದುಷ್ಪರಿಣಾಮ ಮಿಟುಕಿನಷ್ಟಕ್ಕೇ ನಿಲ್ಲಲಿಲ್ಲ. ಕರ್ನೆಲ್ ಯಾವುದೋ ತಪ್ಪಿನಿಂದ ಕುಸಿದುಬಿದ್ದರೆ, ಏಕೆ ಬಿದ್ದೆನೆಂದು ತೆರೆಯ ಮೇಲೆ ಬರೆಯಲು ಅದಕ್ಕೆ ದಾರಿಯಿರಲಿಲ್ಲ. ತೆರೆ ಯಾವ ಸ್ಥಿತಿಯಲ್ಲಿದೆ ಎಂಬುದೇ ಅದಕ್ಕೆ ತಿಳಿಯದು.

ಇದಕ್ಕೆ ಪರಿಹಾರವಾಗಿ ಜೆಸ್ಸಿ ಬಾರ್ನ್ಸ್, ಡೇವ್ ಏರ್ಲಿ ಮೊದಲಾದವರು ತೆರೆಯ ಅಳತೆಗಳನ್ನು ಗೊತ್ತುಮಾಡುವ ಅಧಿಕಾರವನ್ನು ಕರ್ನೆಲ್‌ನ ಒಳಕ್ಕೆ ತಂದರು. ಇಂಟೆಲ್ ಚಿಪ್ಪುಗಳಿಗಾಗಿ ಈ ವ್ಯವಸ್ಥೆ 2009ರ ಮಾರ್ಚಿಯಲ್ಲಿ ಬಂದ 2.6.29ನೆಯ ಆವೃತ್ತಿಯಲ್ಲಿ ಸೇರಿತು. ಅದಕ್ಕೆ ತುಸು ಮುಂಚೆ, 2008ರಲ್ಲಿ, ಫೆಡೋರಾ ಎಂಬ ಲಿನಕ್ಸ್ ಪ್ರಕಾರವು ಏಳುವ ಹೊತ್ತಿನಲ್ಲಿ ಚಿತ್ರ ತೋರಿಸುವ ಪ್ಲಿಮತ್ ಎಂಬ ಕ್ರಮವಿಧಿಯನ್ನು ಬಳಕೆಗೆ ತಂದಿತ್ತು. ಇವೆರಡರಿಂದ ಕೊನೆಯ ಮಿಟುಕುಗಳು ಅಡಗಿದುವು. ಫರ್ಮ್‌ವೇರಿನಿಂದ ಕರ್ನೆಲ್‌ಗೆ ದಾಟುವ ಮೊದಲ ಮಿಟುಕು ಮಾತ್ರ ಉಳಿಯಿತು. ಕಠಿಣವಾದುದೂ ಅದೇ.

ಏಕೆಂದರೆ, ಚಿತ್ರದ ಯಂತ್ರಾಂಗವನ್ನು ಸಂಪೂರ್ಣವಾಗಿ ಬಲ್ಲ ಡ್ರೈವರ್ ಗಾತ್ರದಲ್ಲಿ ದೊಡ್ಡದು. ಒಂದೊಂದು ಜಾತಿಯ ಚಿಪ್ಪಿಗೂ ಒಂದೊಂದು ಬೇಕು. ಎಲ್ಲವನ್ನೂ ಕರ್ನೆಲ್‌ನೊಳಗೆ ಹುದುಗಿಸುವುದು ಆಗದ ಮಾತು. ಯಂತ್ರದಲ್ಲಿ ಯಾವ ಚಿಪ್ಪಿದೆ ಎಂಬುದನ್ನು ಪತ್ತೆಮಾಡಿ, ತಕ್ಕ ಡ್ರೈವರನ್ನು ಆಮೇಲೆ ತರಿಸಿಕೊಳ್ಳಬೇಕು. ಅಷ್ಟರವರೆಗೆ ತೆರೆಯನ್ನು ನೋಡಿಕೊಳ್ಳುವವರು ಯಾರು?

ಈ ಸ್ಥಾನಕ್ಕೆ ಒದಗಿದ್ದು ಒಂದು ಅಲ್ಪಜ್ಞ ಡ್ರೈವರ್. ಹೊಸ ಮಾದರಿಯ ಫರ್ಮ್‌ವೇರ್ ತಾನು ನಿರ್ಗಮಿಸುವ ಮುನ್ನ ಒಂದು ಚೀಟಿಯನ್ನು ಬಿಟ್ಟುಹೋಗುತ್ತದೆ ಎಂದಿಟ್ಟುಕೊಳ್ಳಿ. ಫ್ರೇಮ್ ಬಫರ್ ಸ್ಮೃತಿಯ ಇಂಥ ವಿಳಾಸದಲ್ಲಿದೆ. ಅಗಲ ಇಷ್ಟು, ಎತ್ತರ ಇಷ್ಟು, ಒಂದು ಸಾಲಿಗೆ ಇಷ್ಟು ಬೈಟು. ಕೆಂಪು, ಹಸಿರು, ನೀಲಿಗಳ ಅನುಕ್ರಮ ಇದು—ಇಷ್ಟೇ ಒಕ್ಕಣೆ. ಈ ಡ್ರೈವರಿಗೆ ಚಿಪ್ಪು ಯಾವ ಕಂಪೆನಿಯದೆಂದು ಗೊತ್ತಿಲ್ಲ. ಗಡಿಯಾರವನ್ನು ತಿದ್ದಲು, ತೆರೆಯ ಅಳತೆಯನ್ನು ಬದಲಿಸಲು ಬಾರದು. ಆ ವಿಳಾಸದಲ್ಲಿ ಬರೆದರೆ ತೆರೆಯ ಮೇಲೆ ಕಾಣುತ್ತದೆ ಎಂಬುದೊಂದೇ ಅದರ ವಿದ್ಯೆ. ಈ ಅಜ್ಞಾನವೇ ಅದರ ಬಲವೂ ಆಗಿದೆ. ಚೀಟಿ ಬಿಟ್ಟುಹೋದ ಯಾವ ಯಂತ್ರದಲ್ಲಿಯಾದರೂ ಅದು ನಡೆಯಬಲ್ಲುದು. ಹಳೆಯ ಪದ್ಧತಿಯ ಇಂಥ ಡ್ರೈವರುಗಳು ಮೊದಲೇ ಇದ್ದುವು. ಆದರೆ ಅವುಗಳ ಮಾತುಕತೆಯ ರೀತಿ ಬೇರೆ, ಇಂದಿನ ಚಿತ್ರ ತಂತ್ರಾಂಶಗಳ ರೀತಿ ಬೇರೆ. ಥಾಮಸ್ ಝಿಮ್ಮರ್‌ಮನ್ ಬರೆದ ಸಿಂಪಲ್ ಡಿಆರ್‌ಎಂ ಎಂಬ ಡ್ರೈವರ್ 2021ರಲ್ಲಿ, 5.14ನೆಯ ಆವೃತ್ತಿಯಲ್ಲಿ ಸೇರಿ ಈ ಅಂತರವನ್ನು ಮುಚ್ಚಿತು.

ಇನ್ನು ದೊಡ್ಡ ಡ್ರೈವರ್ ಬಂದಾಗ ಅಧಿಕಾರದ ಹಸ್ತಾಂತರ. ಮೊದಲು ಅಲ್ಪಜ್ಞನನ್ನು ಕೆಳಗಿಳಿಸಬೇಕು. ಇಲ್ಲವಾದರೆ ಇಬ್ಬರು ಒಂದೇ ಜಾಗದಲ್ಲಿ ಬರೆದು ಅನರ್ಥವಾದೀತು. ಆಮೇಲೆ ಬಂದವನು ಏನನ್ನೂ ಅಳಿಸದೆ ಯಂತ್ರಾಂಗದ ರಿಜಿಸ್ಟರುಗಳನ್ನು ಓದುತ್ತಾನೆ. ಗಡಿಯಾರ ಎಷ್ಟು ವೇಗದಲ್ಲಿ ಮಿಡಿಯುತ್ತಿದೆ? ಯಾವ ದಾರಿಯಿಂದ ಯಾವ ತೆರೆಗೆ ಸಂಜ್ಞೆ ಹೋಗುತ್ತಿದೆ? ಚಿತ್ರ ಸ್ಮೃತಿಯ ಯಾವ ಭಾಗದಲ್ಲಿದೆ? ಹೀಗೆ ಹಿಂದಿನವನು ಬಾಯಿಬಿಟ್ಟು ಹೇಳದೆ ಬಿಟ್ಟದ್ದನ್ನೆಲ್ಲ ಕುರುಹುಗಳಿಂದ ಊಹಿಸಿ, ತನ್ನ ಲೆಕ್ಕಪುಸ್ತಕದಲ್ಲಿ ತಾನೇ ಮಾಡಿದಂತೆ ಬರೆದುಕೊಳ್ಳಬೇಕು. ತನಗೆ ಬೇಕಾದ ಅಳತೆಯೂ ಈಗಿರುವ ಅಳತೆಯೂ ಒಂದೇ ಆಗಿದ್ದರೆ ಗಡಿಯಾರವನ್ನು ಮುಟ್ಟದೆ, ಚಿತ್ರದ ವಿಳಾಸವನ್ನು ಮಾತ್ರ ಬದಲಿಸಿದರೆ ಸಾಕು. ಎರಡು ಚಿತ್ರಗಳ ನಡುವಣ ಬಿಡುವಿನಲ್ಲಿ ಈ ಕೆಲಸ ಮುಗಿದುಹೋಗುತ್ತದೆ. ಎಲೆಕ್ಟ್ರಾನ್ ಕಿರಣಕ್ಕಾಗಿ ಬಿಟ್ಟ ಹಳೆಯ ಬಿಡುವು ಇಲ್ಲಿ ಉಪಯೋಗಕ್ಕೆ ಬಂತು! ಇಂಟೆಲ್ ಡ್ರೈವರಿನಲ್ಲಿ ಈ ಉಪಾಯ ಬಹಳ ದಿನ ಬೇಕಾದವರು ಮಾತ್ರ ಕೇಳಿ ಪಡೆಯುವ ಸೌಕರ್ಯವಾಗಿದ್ದಿತು, 2019ರಲ್ಲಿ, 5.1ನೆಯ ಆವೃತ್ತಿಯಿಂದ, ಅದರ ಹೊಸ ಪೀಳಿಗೆಯ ಚಿಪ್ಪುಗಳಲ್ಲಿ ಕೇಳದೆಯೇ ದೊರೆಯುವಂತಾಯಿತು.

ಇದರ ಹಿಂದೆ ಬಿದ್ದು ಸಾಧಿಸಿದವರು ಆಗ ರೆಡ್ ಹ್ಯಾಟ್ ಕಂಪೆನಿಯಲ್ಲಿದ್ದ ಹಾನ್ಸ್ ಡಿ ಗೂಡ. ಅವರು ಒಂದೊಂದು ಮಿಟುಕನ್ನೂ ಹುಡುಕಿ ಹಿಡಿದ ರೀತಿ ಸೊಗಸಾಗಿದೆ. ಅಕ್ಷರಗಳನ್ನು ತೋರಿಸುವ ಕನ್ಸೋಲ್ ಅಧಿಕಾರ ವಹಿಸಿಕೊಂಡೊಡನೆ, ಬರೆಯಲು ಏನೂ ಇಲ್ಲದಿದ್ದರೂ, ತೆರೆಯನ್ನು ಒರಸಿಬಿಡುತ್ತಿತ್ತು. ಬರೆಯಬೇಕಾದ ಮೊದಲ ಅಕ್ಷರ ಬರುವವರೆಗೆ ಸುಮ್ಮನಿರು ಎಂದು ಅದಕ್ಕೆ ಕಲಿಸಿದ್ದು 2018ರ 4.19ನೆಯ ಆವೃತ್ತಿಯಲ್ಲಿ. ಇನ್ನೊಂದು ಜಾಣತನ ಲಾಂಛನದ್ದು. ಫರ್ಮ್‌ವೇರ್ ತಾನು ತೋರಿಸಿದ ಲಾಂಛನದ ಒಂದು ಪ್ರತಿಯನ್ನೂ ಅದನ್ನು ಇಟ್ಟ ಸ್ಥಾನವನ್ನೂ ಒಂದು ಕೋಷ್ಟಕದಲ್ಲಿ ತಿಳಿಸಿಟ್ಟಿರುತ್ತದೆ. ಪ್ಲಿಮತ್ ಅದನ್ನು ಓದಿ, ಅದೇ ಜಾಗದಲ್ಲಿ ಅದೇ ಚಿತ್ರವನ್ನು ತಾನೂ ಬರೆಯುತ್ತದೆ. ನೋಡುವವನಿಗೆ ಲಾಂಛನ ಕದಲಿದಂತೆಯೇ ಕಾಣದು. ಅದರ ಕೆಳಗೆ ಸಣ್ಣದೊಂದು ಚಕ್ರ ತಿರುಗತೊಡಗುತ್ತದೆ, ಅಷ್ಟೆ. 2019ರ ಫೆಡೋರಾ 30ರಲ್ಲಿ ಇದೆಲ್ಲ ಒಟ್ಟುಗೂಡಿತು. ಕೆಲವು ಚಿಕ್ಕ ಯಂತ್ರಗಳಲ್ಲಿ ತಯಾರಕರು ತೆರೆಯನ್ನೇ ಅಡ್ಡಲಾಗಿ ಕೂರಿಸಿರುತ್ತಾರೆ. ಅಂಥವುಗಳಲ್ಲಿ ಚಿತ್ರ ಪಕ್ಕಕ್ಕೆ ಮಲಗದಿರಲೆಂದು ಆ ಮಾದರಿಗಳ ಹೆಸರುಗಳ ಒಂದು ಪಟ್ಟಿಯನ್ನೇ ಕರ್ನೆಲ್‌ನಲ್ಲಿ ಇರಿಸಬೇಕಾಯಿತು.

ಬರಿಯ ಅಂದಕ್ಕಾಗಿ ಇಷ್ಟೆಲ್ಲ ಶ್ರಮವೇ ಎಂದು ಕೇಳುವವರಿದ್ದಾರೆ. ಅಂದವೊಂದೇ ಅಲ್ಲ. ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಯಲ್ಲಿ ಇಟ್ಟವರ ಯಂತ್ರವು ಏಳುವ ಆರಂಭದಲ್ಲಿಯೇ ಗುಪ್ತಪದವನ್ನು ಕೇಳುತ್ತದೆ. ಆ ಹೊತ್ತಿಗೆ ತೆರೆಯನ್ನು ನೋಡಿಕೊಳ್ಳುವ ಡ್ರೈವರ್ ಬಂದಿರದಿದ್ದರೆ, ಯಂತ್ರ ಉತ್ತರಕ್ಕಾಗಿ ಕಾಯುತ್ತಿರುತ್ತದೆ, ಮನುಷ್ಯ ಪ್ರಶ್ನೆಗಾಗಿ ಕಾಯುತ್ತಿರುತ್ತಾನೆ. ಕಪ್ಪು ತೆರೆಯನ್ನು ಕಂಡು ಯಂತ್ರ ಸತ್ತಿತೆಂದು ಬಗೆದು ವಿದ್ಯುತ್ತನ್ನು ಕಿತ್ತುಬಿಡುವುದೂ ಉಂಟು. ಡಿಸ್ಕಿನ ಮೇಲೆ ಬರವಣಿಗೆ ನಡೆಯುತ್ತಿರುವಾಗ ಹಾಗೆ ಮಾಡಿದರೆ ಕಡತಗಳು ಕೆಡಬಹುದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ. ಮಿಟುಕನ್ನು ಅಡಗಿಸುವ ಭರದಲ್ಲಿ ಕರ್ನೆಲ್‌ನ ಮಾತುಗಳನ್ನೂ ಅಡಗಿಸಿದಂತಾಯಿತು. ಬಿಳಿಯ ಅಕ್ಷರಗಳ ಆ ಓಟ ಎಷ್ಟೇ ವಿಕಾರವಾಗಿದ್ದರೂ ಯಂತ್ರ ಎಲ್ಲಿ ಮುಗ್ಗರಿಸಿತೆಂದು ಹೇಳುತ್ತಿತ್ತು. ನಯವಾದ ಲಾಂಛನ ಏನನ್ನೂ ಹೇಳದು. ಮೇಲೆ ಹೇಳಿದ ಗುಣವನ್ನು ಇಲ್ಲಿ ನೆನೆಯಿರಿ: ಕರ್ನೆಲ್ ಸತ್ತಮೇಲೂ ಚಿತ್ರ ಹರಿಯುತ್ತಲೇ ಇರುತ್ತದೆ. ಮಿಟುಕಿಲ್ಲದ ಹಸ್ತಾಂತರವನ್ನು ಸಾಧ್ಯಮಾಡಿದ ಗುಣವೇ ಹೆಣಕ್ಕೆ ಜೀವದ ಕಳೆಯನ್ನೂ ಕೊಡುತ್ತದೆ. ಈ ಆಕ್ಷೇಪ ನನಗೆ ನ್ಯಾಯವಾಗಿಯೇ ತೋರುತ್ತದೆ. ಕಟ್ಟಿದವರಿಗೂ ಹಾಗೆಯೇ ತೋರಿರಬೇಕು. ಎಸ್ಕೇಪ್ ಕೀಲಿಯನ್ನು ಒತ್ತಿದರೆ ಪ್ಲಿಮತ್ ಚಿತ್ರವನ್ನು ಸರಿಸಿ ಹಿಂದಿನ ಮಾತುಗಳನ್ನು ತೋರಿಸುತ್ತದೆ. ಕನ್ಸೋಲ್ ಕೂಡ ಮೂಕವಲ್ಲ. ಗಂಭೀರವಾದ ತಪ್ಪಿನ ಸುದ್ದಿಯೇನಾದರೂ ಬಂದರೆ ಆ ಕ್ಷಣವೇ ತೆರೆಯನ್ನು ವಶಪಡಿಸಿಕೊಂಡು ಬರೆಯುತ್ತದೆ. 2024ರಲ್ಲಿ, 6.10ನೆಯ ಆವೃತ್ತಿಯಲ್ಲಿ, ಜೋಸ್ಲಿನ್ ಫಲೆಂಪ್ ಅವರು ಕೊನೆಯುಸಿರಿನ ಹೊತ್ತಿಗೂ ಒಂದು ಏರ್ಪಾಡು ಮಾಡಿದರು: ಕರ್ನೆಲ್ ಕುಸಿಯುವಾಗ, ಉಳಿದ ಯಾವ ಅಂಗವನ್ನೂ ನಂಬದೆ, ನೇರವಾಗಿ ಚಿತ್ರದ ಜಾಗದಲ್ಲಿ ಸುದ್ದಿಯನ್ನು ಬರೆದು ಬೀಳುತ್ತದೆ. ಅದೇ ವರ್ಷದ 6.12ರಲ್ಲಿ, ಆ ಸುದ್ದಿಯನ್ನು ಕ್ಯುಆರ್ ಚೌಕವಾಗಿ ಬರೆಯುವ ಅನುಕೂಲವೂ ಬಂದಿತು. ಕೈಫೋನಿನಿಂದ ಅದರ ಚಿತ್ರ ತೆಗೆದುಕೊಂಡರಾಯಿತು.

ಆ ಸುದ್ದಿ ಕನ್ನಡದಲ್ಲಿ ಇರಬಹುದೇ? ಸದ್ಯಕ್ಕೆ ಇಲ್ಲ. ಕರ್ನೆಲ್‌ನ ಕನ್ಸೋಲ್ ಒಂದು ಚೌಕಕ್ಕೆ ಒಂದಕ್ಷರವೆಂಬ ಹಳೆಯ ಲೆಕ್ಕದಲ್ಲಿಯೇ ನಡೆಯುತ್ತದೆ. ಅದು ಹೊರಬಲ್ಲ ಆಕಾರಗಳು ಹೆಚ್ಚೆಂದರೆ 512. ನಮ್ಮ ‘ಸ್ತ್ರೀ’ ಎಂಬ ಒಂದಕ್ಷರವೋ ಯೂನಿಕೋಡಿನಲ್ಲಿ ಆರು ಸಂಕೇತಗಳ ಸಾಲು. ಒತ್ತುಗಳನ್ನು ಕೆಳಗಿಳಿಸಿ, ಗುಣಿತದ ಚಿಹ್ನೆಯನ್ನು ಜೋಡಿಸಿ ಒಂದೇ ಆಕಾರವಾಗಿ ಕೂಡಿಸುವ ವಿದ್ಯೆ ಕನ್ಸೋಲಿಗಿಲ್ಲ. ಕರ್ನೆಲ್‌ನ ಹೊರಗಿರುವ ತಂತ್ರಾಂಶಗಳು ಎದ್ದು ನಿಂತಮೇಲೆಯೇ ಕನ್ನಡ ತೆರೆಯ ಮೇಲೆ ಕಾಣಬಲ್ಲುದು.

ಎಲ್ಲ ಯಂತ್ರಗಳಲ್ಲಿಯೂ ಮಿಟುಕು ಮಾಯವಾಗಿಲ್ಲ. ಫರ್ಮ್‌ವೇರ್ ಕಡಿಮೆ ಅಳತೆಯ ಚಿತ್ರವನ್ನು ಆರಿಸಿಕೊಂಡಿದ್ದರೆ, ಇಲ್ಲವೆ ಎರಡನೆಯ ತೆರೆಯನ್ನು ಜೋಡಿಸಿದ್ದರೆ, ಗಡಿಯಾರವನ್ನು ಮುಟ್ಟದೆ ಗತ್ಯಂತರವಿಲ್ಲ. ಲಿನಕ್ಸ್ ಇರುವ ಯಂತ್ರ ಕೈಗೆ ಸಿಕ್ಕಿದರೆ ಕರ್ನೆಲ್ ತಾನು ಎದ್ದ ಬಗೆಯನ್ನು ಬರೆದಿಟ್ಟುಕೊಂಡಿರುವ ದಿನಚರಿಯನ್ನು ತೆರೆದು ನೋಡಿ. ಸಾಲುಗಳ ಆರಂಭದಲ್ಲಿ ಕರ್ನೆಲ್ ಹುಟ್ಟಿ ಎಷ್ಟು ಸೆಕೆಂಡಾಯಿತೆಂಬ ಲೆಕ್ಕವಿರುತ್ತದೆ. ಹೊಸ ವ್ಯವಸ್ಥೆಗಳು ಬಹುಮಟ್ಟಿಗೆ ಸಿಂಪಲ್ ಡಿಆರ್‌ಎಂ ಮೊದಲುಗೊಂಡ ಸಾಲನ್ನೂ, ಕೆಲವು ಸಾಲುಗಳ ಕೆಳಗೆ ಯಂತ್ರದ ನಿಜವಾದ ಡ್ರೈವರ್ ಬಂದ ಸಾಲನ್ನೂ ತೋರಿಸುತ್ತವೆ. ಒಂದರಿಂದ ಇನ್ನೊಂದನ್ನು ಕಳೆಯಿರಿ. ಅಲ್ಪಜ್ಞ ಡ್ರೈವರ್ ಎಷ್ಟು ಹೊತ್ತು ತೆರೆಯನ್ನು ಹಿಡಿದು ನಿಂತಿತ್ತೆಂಬುದು ತಿಳಿಯುತ್ತದೆ.